ಹಳೆಯ ಕಾರಿಗೆ ಟೈಮಿಂಗ್ ಕೂರಿಸುವುದು: ಬಲ್ಬೋ, ಸ್ಟ್ರೋಬ್ ಲೈಟೋ, ವ್ಯಾಕ್ಯೂಮ್ ಗೇಜೋ, ಕಿವಿಯೋ?

ಟೈಮಿಂಗ್ ಎಂದರೆ ಪಿಸ್ಟನ್ ಎಲ್ಲಿರುವಾಗ ಸ್ಪಾರ್ಕ್ ಬೀಳಬೇಕು ಎನ್ನುವ ಲೆಕ್ಕ. ಪಾಯಿಂಟ್ (ತೆರೆದ ಕ್ಷಣ ಸ್ಪಾರ್ಕ್ ಹುಟ್ಟಿಸುವ ಸ್ವಿಚ್ಚು) ಮತ್ತು ಡಿಸ್ಟ್ರಿಬ್ಯೂಟರ್ (ಆ ಸ್ಪಾರ್ಕನ್ನು ಪ್ಲಗ್‌ಗಳಿಗೆ ಹಂಚುವ ಭಾಗ) ಇರುವ ಎಂಜಿನ್ನಿಗೆ ಟೈಮಿಂಗ್ ಕೂರಿಸಲು ನಾಲ್ಕು ದಾರಿಗಳಿವೆ. ಒಂದೇ ಎಂಜಿನ್ನಿಗೆ ನಾಲ್ಕನ್ನೂ ಒಂದಾದ ಮೇಲೊಂದು ಮಾಡಿ ನೋಡಿದರೆ ಡಿಸ್ಟ್ರಿಬ್ಯೂಟರ್ ನಾಲ್ಕು ಸಲವೂ ಒಂದೇ ಜಾಗದಲ್ಲಿ ನಿಲ್ಲುವುದು ಅಪರೂಪ. ಹಾಗೆಂದು ಒಂದು ಸರಿ, ಉಳಿದ ಮೂರು ತಪ್ಪು ಅಂತಲ್ಲ. ಬಲ್ಬು ನೋಡುವುದು ನಿಂತ ಎಂಜಿನ್ನನ್ನು. ಸ್ಟ್ರೋಬ್ ಲೈಟು ನೋಡುವುದು ಓಡುತ್ತಿರುವ ಎಂಜಿನ್ನನ್ನು. ವ್ಯಾಕ್ಯೂಮ್ ಗೇಜಿಗೆ ಕಾಣುವುದು ಲೋಡಿಲ್ಲದ ಐಡ್ಲಿಂಗ್ ಮಾತ್ರ. ಲೋಡ್ ಬಿದ್ದ ಎಂಜಿನ್ ಕೇಳಿಸುವುದು ಕಿವಿಗಷ್ಟೇ.

ಪಿಸ್ಟನ್ ತೂತಾಗುವುದು ಐಡ್ಲಿಂಗ್‌ನಲ್ಲಲ್ಲ. 3000 ಆರ್‌ಪಿಎಂ ದಾಟಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಹಾಗಾಗಿ ವಿಧಾನ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇದು ನನಗೆ ಆ ಜಾಗವನ್ನು ತೋರಿಸುತ್ತದೆಯೇ?

ಸ್ಪಾರ್ಕ್ ಬಿದ್ದ ಕೂಡಲೇ ಒತ್ತಡ ಹುಟ್ಟುವುದಿಲ್ಲ. ಬೆಂಕಿ ಹರಡಲು ಒಂದೆರಡು ಮಿಲಿಸೆಕೆಂಡ್ ಬೇಕು. ಪಿಸ್ಟನ್ ತುದಿ ಮುಟ್ಟಿ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ದಂಡ) ಇನ್ನೂ ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ಗರಿಷ್ಠವಾಗಿರಬೇಕು. 800 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ ತಿರುಗುವುದು 4.8 ಡಿಗ್ರಿ, 3000ದಲ್ಲಿ 18 ಡಿಗ್ರಿ. ವೇಗ ಹೆಚ್ಚಿದಂತೆ ಸ್ಪಾರ್ಕ್ ಮೊದಲೇ ಬೀಳಬೇಕಾದ್ದು ಇದಕ್ಕೇ. ಸ್ಪಾರ್ಕ್ ಮೊದಲೇ ಬೀಳುವುದು ಅಡ್ವಾನ್ಸ್, ತಡವಾಗಿ ಬೀಳುವುದು ರಿಟಾರ್ಡ್. ವೇಗಕ್ಕೆ ತಕ್ಕ ಅಡ್ವಾನ್ಸ್ ಕೊಡುವ ಕೆಲಸ ಡಿಸ್ಟ್ರಿಬ್ಯೂಟರ್ ಒಳಗಿನ ತೂಕ ಮತ್ತು ಸ್ಪ್ರಿಂಗ್‌ಗಳದ್ದು. ಇದಲ್ಲದೆ ಹಗುರ ಲೋಡಿನಲ್ಲಿ ಇನ್ನಷ್ಟು ಅಡ್ವಾನ್ಸ್ ಕೊಡುವುದು, ಎಂಜಿನ್ ಗಾಳಿ ಎಳೆಯುವ ಬಲದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಡಬ್ಬಿ. ಅಂದರೆ ಟೈಮಿಂಗ್ ಎನ್ನುವುದು ಒಂದು ಅಂಕಿಯಲ್ಲ, ಒಂದು ಗೆರೆ. ನಾವು ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಆ ಗೆರೆ ಇಡಿಯಾಗಿ ಮೇಲೆ ಕೆಳಗೆ ಸರಿಯುತ್ತದೆ, ಅದರ ಆಕಾರ ಬದಲಾಗುವುದಿಲ್ಲ. ಕೈಪಿಡಿಯಲ್ಲಿ ಬರೆದಿರುವ ಅಂಕಿ, ಉದಾಹರಣೆಗೆ ಪಿಸ್ಟನ್ ತುದಿ ಮುಟ್ಟುವುದಕ್ಕೆ 10 ಡಿಗ್ರಿ ಮೊದಲು ಎನ್ನುವುದು, ಆ ಗೆರೆಯ ಒಂದು ತುದಿ ಅಷ್ಟೇ.

ಯಾವ ವಿಧಾನವಾದರೂ ಮೊದಲು ಇಷ್ಟು

ಪಾಯಿಂಟ್ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಇದನ್ನು ತಿರುವುಮುರುವು ಮಾಡಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಅಡ್ವಾನ್ಸ್ ಆಗುತ್ತದೆ, ಚಿಕ್ಕದಾದರೆ ರಿಟಾರ್ಡ್. ಡ್ವೆಲ್ ಮೀಟರ್ (ಪಾಯಿಂಟ್ ಎಷ್ಟು ಡಿಗ್ರಿ ಮುಚ್ಚಿರುತ್ತದೆ ಎಂದು ಅಳೆಯುವ ಸಾಧನ) ಇದ್ದವರಿಗೆ ಲೆಕ್ಕ ಸುಲಭ: ಡ್ವೆಲ್ ಒಂದು ಡಿಗ್ರಿ ಕಡಿಮೆಯಾದರೆ ಟೈಮಿಂಗ್ ಕ್ರ್ಯಾಂಕಿನಲ್ಲಿ ಹೆಚ್ಚುಕಮ್ಮಿ ಒಂದು ಡಿಗ್ರಿ ಮುಂದಾಗುತ್ತದೆ. ಆದರೆ ಟೈಮಿಂಗ್ ಬದಲಿಸಿದರೆ ಡ್ವೆಲ್ ಬದಲಾಗುವುದಿಲ್ಲ. ನಾಲ್ಕು ಸಿಲಿಂಡರಿನ ಹಲವು ಕಾರುಗಳಿಗೆ ಗ್ಯಾಪ್ 0.35ರಿಂದ 0.40 ಮಿ.ಮೀ. ಹಳೆಯ ಪಾಯಿಂಟ್‌ನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಫೀಲರ್ ಗೇಜ್ ಗುಬುಟಿನ ತಲೆಯನ್ನು ಅಳೆಯುತ್ತದೆಯೇ ಹೊರತು ನಿಜವಾದ ಗ್ಯಾಪನ್ನಲ್ಲ. ಅಂಥ ಪಾಯಿಂಟಿಗೆ ಡ್ವೆಲ್ ಮೀಟರ್ ಹಾಕಿ, ಇಲ್ಲವೇ ಪಾಯಿಂಟ್ ಬದಲಿಸಿ.

ಎರಡನೆಯದು ಕ್ರ್ಯಾಂಕಿನ ತುದಿಯ ಪುಲ್ಲಿಯ ಮೇಲಿನ ಗುರುತು. ಎಂಜಿನ್ ಬಾಡಿಯ ಸೂಚಿಗೆ ಅದು ನೇರ ಬಂದಾಗ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುತ್ತದೆ. ಇದನ್ನು ಕಣ್ಣು ಮುಚ್ಚಿ ನಂಬುವವರೇ ಹೆಚ್ಚು. ಹಳೆಯ ಎಂಜಿನ್ನಿನ ಪುಲ್ಲಿ ಬದಲಾಗಿರಬಹುದು, ಸೂಚಿ ಬಾಗಿರಬಹುದು. ರಬ್ಬರ್ ಪದರದ ಡ್ಯಾಂಪರ್ ಪುಲ್ಲಿಯಲ್ಲಿ ಇನ್ನೊಂದು ತೊಂದರೆ: ರಬ್ಬರ್ ಸತ್ತು ಹೊರಬಳೆ ಜಾರಿದರೆ ಗುರುತೂ ಅದರ ಜೊತೆ ಜಾರುತ್ತದೆ. ಗುರುತು ನಿಜವೇ ಎಂದು ನೋಡಲು ಪಿಸ್ಟನ್ ಸ್ಟಾಪ್ ಬಳಸಿ. ಬ್ಯಾಟರಿ ವೈರ್ ಬಿಚ್ಚಿ, ಪ್ಲಗ್‌ಗಳನ್ನೆಲ್ಲ ತೆಗೆಯಿರಿ. ಪಿಸ್ಟನ್ ಕೆಳಗಿದೆ ಎಂದು ಖಚಿತ ಮಾಡಿಕೊಂಡು ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಸ್ಟಾಪ್ ತಿರುಗಿಸಿ ಕೂರಿಸಿ. ಹಳೆಯ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ತುದಿ ಉರುಟಾದ ಬೋಲ್ಟ್ ಕೂರಿಸಿದರೂ ನಡೆಯುತ್ತದೆ. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ. ಪಿಸ್ಟನ್ ಬಂದು ತಗುಲಿದ ಜಾಗದಲ್ಲಿ ಸೂಚಿಯ ನೇರಕ್ಕೆ ಪುಲ್ಲಿಯ ಮೇಲೆ ಒಂದು ಗೀಟು ಹಾಕಿ. ಈಗ ಹಿಂದಕ್ಕೆ ತಿರುಗಿಸುತ್ತ ಬನ್ನಿ. ಇನ್ನೊಂದು ಕಡೆಯಿಂದ ತಗುಲಿದಾಗ ಇನ್ನೊಂದು ಗೀಟು. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಜಾಗ. ಕಾರ್ಖಾನೆಯ ಗುರುತು ಅಲ್ಲಿಲ್ಲದಿದ್ದರೆ ಅದನ್ನು ಮರೆತು ಹೊಸ ಗುರುತು ಹಾಕಿ. ಡ್ಯಾಂಪರ್ ಜಾರಿದ್ದೇ ಕಾರಣವಾಗಿದ್ದರೆ ಅದನ್ನು ಬದಲಿಸಲೇಬೇಕು. ಇಂದು ಇಷ್ಟು ಜಾರಿದ್ದು ನಾಳೆ ಅಲ್ಲೇ ನಿಲ್ಲುವುದಿಲ್ಲ.

ಡಿಗ್ರಿ ಗುರುತು ಇಲ್ಲದ ಪುಲ್ಲಿಗೆ ನೀವೇ ಹಾಕಿಕೊಳ್ಳಬಹುದು. ವ್ಯಾಸವನ್ನು 3.1416ರಿಂದ ಗುಣಿಸಿ 360ರಿಂದ ಭಾಗಿಸಿದರೆ ಒಂದು ಡಿಗ್ರಿಯ ಉದ್ದ ಬರುತ್ತದೆ. 150 ಮಿ.ಮೀ. ಪುಲ್ಲಿಯಲ್ಲಿ ಒಂದು ಡಿಗ್ರಿ ಅಂದರೆ 1.31 ಮಿ.ಮೀ.; 10 ಡಿಗ್ರಿ 13 ಮಿ.ಮೀ.; 32 ಡಿಗ್ರಿ 42 ಮಿ.ಮೀ. ಕಾಗದದ ಪಟ್ಟಿಯ ಮೇಲೆ ಅಳೆದು, ಪುಲ್ಲಿಗೆ ಸುತ್ತಿ, ಅಂಚಿನಲ್ಲಿ ಗೀರಿ ಬಿಳಿ ಬಣ್ಣ ತುಂಬಿ. ಗುರುತು ಟಿಡಿಸಿಯ ಯಾವ ಬದಿಗೆ ಬರಬೇಕು ಎನ್ನುವಲ್ಲಿ ಎಡವಬೇಡಿ: ಎಂಜಿನ್ ಓಡುವ ದಿಕ್ಕಿಗೆ ಪುಲ್ಲಿ ತಿರುಗುವಾಗ ಅಡ್ವಾನ್ಸ್ ಗುರುತು ಸೂಚಿಯನ್ನು ಮೊದಲು ದಾಟಬೇಕು, ಟಿಡಿಸಿ ಗುರುತು ಆಮೇಲೆ.

ಮೂರನೆಯದು, ಅಡ್ವಾನ್ಸ್ ವ್ಯವಸ್ಥೆ ಬದುಕಿದೆಯೇ? ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಳಗೆ ಶಾಫ್ಟಿನ ಮೇಲೆ ಕೂತ ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುಗಿಸಿ ಬಿಡಿ. ಸ್ಪ್ರಿಂಗ್ ಅದನ್ನು ಚಟ್ಟನೆ ಹಿಂದಕ್ಕೆ ಎಳೆದುಕೊಳ್ಳಬೇಕು. ಅಲ್ಲೇ ನಿಂತರೆ, ಮೆಲ್ಲಗೆ ತೆವಳಿದರೆ ಒಳಗೆ ಗ್ರೀಸ್ ಗಟ್ಟಿಯಾಗಿದೆ ಅಥವಾ ತುಕ್ಕು ಹಿಡಿದಿದೆ. ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ: ಪಾಯಿಂಟ್ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಡಬ್ಬಿಯ ಒಳಪೊರೆ ಹರಿದಿದೆ. ಶಾಫ್ಟನ್ನು ಅಡ್ಡಕ್ಕೆ ಅಲುಗಿಸಿದಾಗ ಪಾಯಿಂಟ್ ಗ್ಯಾಪ್ ಕಣ್ಣಿಗೆ ಕಾಣುವಷ್ಟು ಹಿಗ್ಗಿ ಕುಗ್ಗಿದರೆ ಬುಷ್ ಸವೆದಿದೆ. ಹಾಗಿದ್ದರೆ ಮುಂದಿನ ಯಾವ ವಿಧಾನವೂ ಸ್ಥಿರವಾದ ಉತ್ತರ ಕೊಡುವುದಿಲ್ಲ.

ಬಲ್ಬು: ನಿಂತ ಎಂಜಿನ್ನಿಗೆ

12 ವೋಲ್ಟಿನ ಒಂದು ಚಿಕ್ಕ ಬಲ್ಬು, ಎರಡು ವೈರು. ಖರ್ಚು ಎಂದರೆ ಇಷ್ಟೇ. ಎಂಜಿನ್ ಸ್ಟಾರ್ಟ್ ಆಗಬೇಕಾಗಿಯೂ ಇಲ್ಲ. ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ, ಡಿಸ್ಟ್ರಿಬ್ಯೂಟರ್ ಹೊರತೆಗೆದ ಮೇಲೆ ಬೇರೆ ದಾರಿಯೂ ಇಲ್ಲ.

ಮೊದಲು ಒಂದನೇ ಪಿಸ್ಟನ್ ಕಂಪ್ರೆಷನ್‌ಗೆ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಪ್ಲಗ್ ತೂತಿಗೆ ಬೆರಳು ಹಿಡಿದರೆ ಗಾಳಿ ತಳ್ಳುವುದು ಗೊತ್ತಾಗುತ್ತದೆ. ಟ್ಯಾಪೆಟ್ ಕವರ್ ತೆಗೆದಿದ್ದರೆ ಇನ್ನೂ ಖಚಿತ: ಒಂದನೇ ಸಿಲಿಂಡರಿನ ಎರಡೂ ರಾಕರ್ ಸಡಿಲವಿದ್ದು, ಸಾಲು ನಾಲ್ಕರ ಎಂಜಿನ್ನಿನಲ್ಲಿ ನಾಲ್ಕನೆಯದರ, ಸಾಲು ಆರರಲ್ಲಿ ಆರನೆಯದರ ವಾಲ್ವ್‌ಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗಾಡುತ್ತಿರಬೇಕು. ಇಲ್ಲಿ ತಪ್ಪಿದರೆ ಟೈಮಿಂಗ್ ಪೂರ್ತಿ ಒಂದು ಸುತ್ತು ಆಚೆ ಹೋಗಿ, ಎಂಜಿನ್ ಕಾರ್ಬ್ಯುರೇಟರ್ ಬಾಯಿಂದ ಉಗುಳುತ್ತದೆ.

ಪುಲ್ಲಿಯನ್ನು ಓಡುವ ದಿಕ್ಕಿಗೇ ತಿರುಗಿಸುತ್ತ ಸ್ಟ್ಯಾಟಿಕ್ (ನಿಂತ ಎಂಜಿನ್ನಿಗೆ ಕೈಪಿಡಿ ಹೇಳಿದ) ಗುರುತು ಸೂಚಿಗೆ ನೇರ ಬರುವಂತೆ ನಿಲ್ಲಿಸಿ. ದಾಟಿ ಹೋದರೆ ಅಷ್ಟೇ ಅಷ್ಟು ಹಿಂದಕ್ಕೆ ತರಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಟೈಮಿಂಗ್ ಚೈನಿನ, ಡಿಸ್ಟ್ರಿಬ್ಯೂಟರ್ ಗೇರಿನ ಸಡಿಲವೆಲ್ಲ ಒಂದೇ ಕಡೆ ಸೇರಬೇಕು, ಇಲ್ಲದಿದ್ದರೆ ಎರಡು ಮೂರು ಡಿಗ್ರಿ ಅಲ್ಲೇ ಕಳೆದುಹೋಗುತ್ತದೆ. ಬಲ್ಬಿನ ಒಂದು ವೈರನ್ನು ಕಾಯಿಲ್‌ನಿಂದ (ಸ್ಪಾರ್ಕಿಗೆ ವೋಲ್ಟೇಜ್ ಏರಿಸುವ ಭಾಗ) ಡಿಸ್ಟ್ರಿಬ್ಯೂಟರಿಗೆ ಬರುವ ಟರ್ಮಿನಲ್‌ಗೆ, ಇನ್ನೊಂದನ್ನು ಎಂಜಿನ್ ಬಾಡಿಗೆ ಹಾಕಿ ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಕರೆಂಟ್ ಅದರ ಮೂಲಕವೇ ಅರ್ಥ್ ಆಗುವುದರಿಂದ ಬಲ್ಬು ಉರಿಯುವುದಿಲ್ಲ. ತೆರೆದ ಕ್ಷಣ ಉರಿಯುತ್ತದೆ. ಕ್ಲ್ಯಾಂಪ್ ಸಡಿಲಿಸಿ, ಡಿಸ್ಟ್ರಿಬ್ಯೂಟರ್ ಬಾಡಿಯನ್ನು ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿ ಬಲ್ಬು ಆರಿಸಿ. ಈಗ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಬನ್ನಿ. ಬಲ್ಬು ಹೊತ್ತಿದ ಕ್ಷಣದಲ್ಲಿ ನಿಲ್ಲಿಸಿ ಬಿಗಿ ಮಾಡಿ.

ಆ ಕೂದಲೆಳೆ ಎಷ್ಟು ದುಬಾರಿ ನೋಡಿ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಡಿಸ್ಟ್ರಿಬ್ಯೂಟರ್ ಹಾಕುವುದು ಒಂದೇ ಸುತ್ತು. ಬಾಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಟೈಮಿಂಗ್ ಎರಡು ಡಿಗ್ರಿ ಬದಲಾಗುತ್ತದೆ. 60 ಮಿ.ಮೀ. ವ್ಯಾಸದ ಬಾಡಿಯ ಅಂಚು ಒಂದು ಮಿ.ಮೀ. ಸರಿದರೆ ಕ್ರ್ಯಾಂಕಿನಲ್ಲಿ ಹತ್ತಿರ ಹತ್ತಿರ ನಾಲ್ಕು ಡಿಗ್ರಿ! ಕ್ಲ್ಯಾಂಪ್ ಬೋಲ್ಟ್ ಬಿಗಿಮಾಡುವಾಗ ಬಾಡಿ ಜೊತೆಗೇ ಅಷ್ಟು ತಿರುಗಿಬಿಡುವುದುಂಟು. ಬಿಗಿ ಮಾಡಿದ ಮೇಲೆ ಪುಲ್ಲಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಬಲ್ಬು ಗುರುತಿನಲ್ಲೇ ಹೊತ್ತುತ್ತದೆಯೇ ಎಂದು ಮತ್ತೆ ನೋಡಬೇಕು. ಪಾಯಿಂಟ್ ಮುಚ್ಚಿದ್ದು ಇಗ್ನಿಷನ್ ಆನ್ ಇದ್ದರೆ ಕಾಯಿಲ್ ಬಿಸಿಯಾಗುತ್ತದೆ. ಟೀ ಕುಡಿದು ಬರುತ್ತೇನೆಂದು ಹಾಗೇ ಬಿಟ್ಟು ಹೋಗಬೇಡಿ.

ಬಲ್ಬಿನ ಮಿತಿ ಎರಡು. ಅಡ್ವಾನ್ಸ್ ಗೆರೆಯ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ತೂಕಗಳು ಜಾಮ್ ಆಗಿದ್ದರೂ ಬಲ್ಬು ಗುರುತಿನಲ್ಲಿ ಸರಿಯಾಗಿಯೇ ಹೊತ್ತುತ್ತದೆ. ಎರಡನೆಯದಾಗಿ, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿದ್ದರೆ ಈ ವಿಧಾನವನ್ನು ಹೀಗೆಯೇ ಬಳಸುವಂತಿಲ್ಲ. ಎಂಜಿನ್ ನಿಂತಿದ್ದಾಗ ಇಗ್ನಿಷನ್ ಆನ್ ಇಟ್ಟರೆ ಸುಟ್ಟುಹೋಗುವ ಮಾಡ್ಯೂಲ್‌ಗಳಿವೆ. ಕಿಟ್ ಜೊತೆ ಬಂದ ಸೂಚನೆ ನೋಡಿ ಅಂದಾಜಿಗೆ ಕೂರಿಸಿ, ಮುಂದಿನದನ್ನು ಸ್ಟ್ರೋಬ್ ಲೈಟಿನಿಂದ ಮಾಡಿ.

ಇನ್ನೊಂದು ಗೊಂದಲ: ಕೈಪಿಡಿಯಲ್ಲಿ ಸ್ಟ್ಯಾಟಿಕ್ ಅಂಕಿ ಬೇರೆ, ಸ್ಟ್ರೋಬ್ ಅಂಕಿ ಬೇರೆ ಇರುತ್ತದೆ. 1960ರ ದಶಕದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹೈ ಕಂಪ್ರೆಷನ್ ಎಂಜಿನ್ನಿಗೆ ಸ್ಟ್ಯಾಟಿಕ್ 10 ಡಿಗ್ರಿ, ಸ್ಟ್ರೋಬಿನಲ್ಲಿ 600 ಆರ್‌ಪಿಎಂಗೆ 14 ಡಿಗ್ರಿ. 600ಕ್ಕೇ ತೂಕಗಳು ಸ್ವಲ್ಪ ಬಿಚ್ಚಿಕೊಂಡಿರುತ್ತವೆ, ಆ ನಾಲ್ಕು ಡಿಗ್ರಿ ಅಲ್ಲಿಂದ ಬಂದದ್ದು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ಶುರುವಿನಲ್ಲೇ ನಾಲ್ಕು ಡಿಗ್ರಿ ತಪ್ಪು.

ಸ್ಟ್ರೋಬ್ ಲೈಟು: ಓಡುವ ಎಂಜಿನ್ನಿಗೆ

ಒಂದನೇ ಪ್ಲಗ್‌ಗೆ ಸ್ಪಾರ್ಕ್ ಹೋದಾಗಲೆಲ್ಲ ಲೈಟು ಒಮ್ಮೆ ಮಿಂಚುತ್ತದೆ. ಆ ಮಿಂಚಿನಲ್ಲಿ ಪುಲ್ಲಿಯ ಗುರುತು ನಿಂತಂತೆ ಕಾಣುತ್ತದೆ. ಫ್ಯಾನ್ ಕೂಡ ನಿಂತಂತೆಯೇ ಕಾಣಬಹುದು. ಬೆರಳು ಹೋಗುವುದು ಅಲ್ಲೇ. ತೋಳು ಮಡಚಿ, ಲೈಟಿನ ವೈರುಗಳನ್ನು ಬೆಲ್ಟಿನಿಂದ ದೂರ ಕಟ್ಟಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ಕೆಲಸ ಶುರು ಮಾಡಿ.

ಕೊಳ್ಳುವವರಿಗೆ ಮೂರು ಬಗೆ ಸಿಗುತ್ತವೆ. ಪ್ಲಗ್ ವೈರಿಗೆ ನಡುವೆ ಸೇರಿಸುವ ನಿಯಾನ್ ಲೈಟು ಅಗ್ಗ, ಆದರೆ ಮಂದ. ಬಿಸಿಲಲ್ಲಿ ಏನೂ ಕಾಣುವುದಿಲ್ಲ. ವೈರಿನ ಮೇಲೆ ಕ್ಲಿಪ್ ಕಚ್ಚಿಸುವ ಇಂಡಕ್ಟಿವ್ ಲೈಟು ಹೆಚ್ಚಿನವರಿಗೆ ಸಾಕು. ಕ್ಲಿಪ್ ಮೇಲೆ ಬಾಣದ ಗುರುತಿದ್ದರೆ ಅದು ಪ್ಲಗ್ ಕಡೆ ತಿರುಗಿರಲಿ. ಮೂರನೆಯದು ಡಯಲ್ ಇರುವ ಲೈಟು. ಡಯಲ್ ತಿರುಗಿಸಿದಂತೆ ಅದು ಮಿಂಚನ್ನು ತಡಮಾಡುತ್ತದೆ. ಟಿಡಿಸಿ ಗುರುತು ಸೂಚಿಗೆ ಬರುವ ತನಕ ತಿರುಗಿಸಿ ಡಯಲ್ ಓದಿದರೆ ಅದೇ ಅಡ್ವಾನ್ಸ್. ಪುಲ್ಲಿಯ ಮೇಲೆ ಟಿಡಿಸಿ ಗುರುತು ಒಂದೇ ಇರುವವರಿಗೆ ಇದು ವರ. ಆದರೆ ಒಂದು ಸಲಕ್ಕೆ ಹಲವು ಸ್ಪಾರ್ಕ್ ಕೊಡುವ ಇಗ್ನಿಷನ್ ಬಾಕ್ಸ್ ಇದ್ದರೆ ಕೆಲವು ಡಯಲ್ ಲೈಟುಗಳು ದಿಕ್ಕುತಪ್ಪಿ ಏನೇನೋ ಅಂಕಿ ತೋರಿಸುತ್ತವೆ. ಆಗ ಡಯಲನ್ನು ಸೊನ್ನೆಗೆ ಇಟ್ಟು, ಪುಲ್ಲಿಯ ಮೇಲೆ ಡಿಗ್ರಿ ಗೀರಿಕೊಂಡು ಮಾಮೂಲಿ ಲೈಟಿನಂತೆ ಬಳಸಿ. ನಮ್ಮ ಒಲವು ಇರುವುದು ಮಾಮೂಲಿ ಇಂಡಕ್ಟಿವ್ ಲೈಟು ಮತ್ತು ಚೆನ್ನಾಗಿ ಗೀರಿದ ಪುಲ್ಲಿಯ ಕಡೆಗೆ. ಕೆಡುವ ಭಾಗ ಅದರಲ್ಲಿ ಕಡಿಮೆ.

ಬಾಡಿಗೆ ಪಾಸಿಟಿವ್ ಅರ್ಥ್ ಇರುವ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅಭ್ಯಾಸಬಲದಿಂದ ಕಪ್ಪು ಕ್ಲಿಪ್ಪನ್ನು ಬಾಡಿಗೆ ಹಾಕಿದರೆ ಲೈಟು ಹಾಳಾಗಬಹುದು. ಕೆಂಪು ಯಾವಾಗಲೂ ಬ್ಯಾಟರಿಯ ಪ್ಲಸ್‌ಗೆ. ಅನುಮಾನವಿದ್ದರೆ ಲೈಟಿಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಕೊಡಿ. 6 ವೋಲ್ಟ್ ಕಾರಿಗೂ ಅದೇ ಉಪಾಯ.

ಎಂಜಿನ್ ಪೂರ್ತಿ ಬಿಸಿಯಾಗಲಿ, ಚೋಕ್ ಒಳಗೆ ಹೋಗಿರಲಿ. ವ್ಯಾಕ್ಯೂಮ್ ಪೈಪನ್ನು ಡಿಸ್ಟ್ರಿಬ್ಯೂಟರ್ ಕಡೆ ಕಿತ್ತು ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ. ಬರಿದೇ ಕಿತ್ತು ಬಿಟ್ಟರೆ ಗಾಳಿ ಎಳೆದುಕೊಂಡು ಐಡ್ಲಿಂಗ್ ಕೆಡುತ್ತದೆ. ಪೈಪ್ ಕಿತ್ತು ಮುಚ್ಚಿದಾಗ ಐಡ್ಲಿಂಗ್ ಇಳಿದರೆ ನಿಮ್ಮ ಪೈಪ್ ನೇರ ಮ್ಯಾನಿಫೋಲ್ಡಿನಿಂದ (ಕಾರ್ಬ್ಯುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆ) ಬಂದಿದೆ. ಇದ್ದ ಹಾಗೇ ಇದ್ದರೆ ಕಾರ್ಬ್ಯುರೇಟರಿನಲ್ಲಿ ಥ್ರಾಟಲ್ ತಟ್ಟೆಗಿಂತ ಮೇಲಿರುವ ತೂತಿನಿಂದ. ನಿಮ್ಮ ಮಾದರಿಗೆ ಯಾವುದು ಎಂದು ಕೈಪಿಡಿ ನೋಡಿ ತಾಳೆ ಮಾಡಿಕೊಳ್ಳಿ, ಯಾರೋ ಅದಲುಬದಲು ಮಾಡಿಟ್ಟಿರುವುದು ಮಾಮೂಲು. ಐಡ್ಲಿಂಗ್ ಸ್ಕ್ರೂ ಇಳಿಸಿ ಕೈಪಿಡಿ ಹೇಳಿದ ಆರ್‌ಪಿಎಂಗೆ ತನ್ನಿ. ಕೈಪಿಡಿ 600 ಎನ್ನುವಾಗ 900ರಲ್ಲಿ ಓದಿದರೆ ತೂಕಗಳು ಬಿಚ್ಚಿಕೊಂಡ ಅಡ್ವಾನ್ಸನ್ನೂ ಸೇರಿಸಿ ಓದಿದಂತಾಗುತ್ತದೆ. ಅದನ್ನು ಕಳೆಯಲು ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸುತ್ತೀರಿ. ಗಾಡಿ ಎಮ್ಮೆಯಂತೆ ಎಳೆಯುತ್ತದೆ.

ಕ್ಲ್ಯಾಂಪನ್ನು ಕೈಯಿಂದ ಬಿಗಿಯಾಗಿ ತಿರುಗುವಷ್ಟೇ ಸಡಿಲಿಸಿ. ರೋಟರಿನ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್, ಜೊತೆಗೆ ತಿರುಗಿಸಿದರೆ ರಿಟಾರ್ಡ್. ಲೈಟನ್ನು ಓರೆಯಾಗಿ ಹಿಡಿದು ನೋಡಿದರೆ ಒಂದೆರಡು ಡಿಗ್ರಿ ತಪ್ಪು ಕಾಣುತ್ತದೆ. ಸೂಚಿಯ ನೇರಕ್ಕೆ ಕಣ್ಣಿರಲಿ.

ಇಲ್ಲಿಗೆ ಹಲವರು ಲೈಟು ಆರಿಸಿ ಬಾನೆಟ್ ಮುಚ್ಚುತ್ತಾರೆ. ಲೈಟಿನ ನಿಜವಾದ ಬೆಲೆ ಶುರುವಾಗುವುದೇ ಇಲ್ಲಿಂದ. ಪೈಪ್ ಮುಚ್ಚಿರುವಾಗಲೇ ಇನ್ನೊಬ್ಬರಿಗೆ ಆಕ್ಸಿಲರೇಟರ್ ಒತ್ತಲು ಹೇಳಿ, 1000, 1500, 2000, 2500, 3000, 3500ರಲ್ಲಿ ಗುರುತು ಎಲ್ಲಿದೆ ಎಂದು ಬರೆದುಕೊಳ್ಳಿ. ಆರೋಗ್ಯವಾದ ಡಿಸ್ಟ್ರಿಬ್ಯೂಟರಿನಲ್ಲಿ ಗುರುತು ಮೆಲ್ಲಗೆ ಏರುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದು ನಿಂತ ಜಾಗವೇ ಫುಲ್ ಅಡ್ವಾನ್ಸ್. ವ್ಯಾಕ್ಯೂಮ್ ಇಲ್ಲದ ಡಿಸ್ಟ್ರಿಬ್ಯೂಟರ್ ಹಾಕಿದ ಗಾಳಿತಂಪಿನ ಫೋಕ್ಸ್‌ವ್ಯಾಗನ್ ಎಂಜಿನ್ನಿಗೆ ಇದು 28ರಿಂದ 32 ಡಿಗ್ರಿ. ಹಳೆಯ ಹೆಡ್ ಇರುವ ಹಲವು ಅಮೆರಿಕನ್ ವಿ8ಗಳಿಗೆ 34ರಿಂದ 36. ನಿಮ್ಮ ಎಂಜಿನ್ನಿಗೆ ಎಷ್ಟು ಎನ್ನುವುದು ಕೈಪಿಡಿಯ ಐಡ್ಲಿಂಗ್ ಅಂಕಿಗೆ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ಕೂಡಿಸಿದರೆ ಬರುತ್ತದೆ. ಡಿಸ್ಟ್ರಿಬ್ಯೂಟರ್ ಡಿಗ್ರಿಯಲ್ಲಿ ಕೊಟ್ಟಿದ್ದರೆ ಎರಡರಿಂದ ಗುಣಿಸಲು ಮರೆಯಬೇಡಿ. ಲೂಕಸ್ ಕಂಪನಿಯ ಕೆಲವು ಡಿಸ್ಟ್ರಿಬ್ಯೂಟರ್‌ಗಳ ಒಳಗೆ ಕ್ಯಾಮ್ ಬುಡದಲ್ಲಿ ಈ ಅಂಕಿ ಕೊರೆದಿರುತ್ತದೆ: ಅಲ್ಲಿ 12 ಎಂದಿದ್ದರೆ ಕ್ರ್ಯಾಂಕಿನಲ್ಲಿ 24.

ಒಂದು ಲೆಕ್ಕ ನೋಡಿ. ಕೈಪಿಡಿ ಹೇಳುವುದು ಐಡ್ಲಿಂಗ್‌ಗೆ 10, ಡಿಸ್ಟ್ರಿಬ್ಯೂಟರ್ ಕೊಡಬೇಕಾದದ್ದು 24, ಒಟ್ಟು 34. ಆದರೆ ತೂಕಗಳ ತಡೆ ಸವೆದು ಡಿಸ್ಟ್ರಿಬ್ಯೂಟರ್ 30 ಕೊಡುತ್ತಿದೆ. ಐಡ್ಲಿಂಗ್‌ನಲ್ಲಿ 10ಕ್ಕೆ ಸರಿಯಾಗಿ ಕೂರಿಸಿದವರ ಎಂಜಿನ್ ಹೆಚ್ಚಿನ ವೇಗದಲ್ಲಿ 40 ಡಿಗ್ರಿಯಲ್ಲಿ ಓಡುತ್ತಿರುತ್ತದೆ. ಅವರಿಗೆ ಅದು ಗೊತ್ತಾಗುವುದು ಪಿಸ್ಟನ್ ಹೋದ ಮೇಲೆ. ಅದೇ ಎಂಜಿನ್ನನ್ನು 3500ರಲ್ಲಿ 34ಕ್ಕೆ ಕೂರಿಸಿದರೆ ಐಡ್ಲಿಂಗ್‌ನಲ್ಲಿ 4 ಮಾತ್ರ ಉಳಿಯುತ್ತದೆ. ಪಿಕಪ್ ಮಂದ, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಏರುತ್ತದೆ, ಆದರೆ ಎಂಜಿನ್ ಉಳಿಯುತ್ತದೆ. ಡಿಸ್ಟ್ರಿಬ್ಯೂಟರ್ ರಿಪೇರಿಯಾಗುವ ತನಕ ಇದೇ ಸರಿ. ಐಡ್ಲಿಂಗ್ ಅಂಕಿ ಮತ್ತು ಫುಲ್ ಅಡ್ವಾನ್ಸ್ ಅಂಕಿ ಎರಡೂ ಒಟ್ಟಿಗೆ ಸರಿ ಬಾರದಿದ್ದರೆ ಫುಲ್ ಅಡ್ವಾನ್ಸಿಗೆ ಕೂರಿಸಿ.

ಗುರುತಿನ ನಡತೆಯೂ ಮಾತಾಡುತ್ತದೆ. ಐಡ್ಲಿಂಗ್‌ನಲ್ಲಿ ಒಂದೇ ಕಡೆ ನಿಲ್ಲದೆ ನಡುಗಿದರೆ ಡಿಸ್ಟ್ರಿಬ್ಯೂಟರ್ ಬುಷ್ ಅಥವಾ ಟೈಮಿಂಗ್ ಚೈನ್ ಸವೆದಿದೆ. ಆರ್‌ಪಿಎಂ ನೂರು ಏರಿಳಿದರೆ ಸಾಕು ಗುರುತು ಓಡಾಡುತ್ತಿದ್ದರೆ ಸ್ಪ್ರಿಂಗ್ ಸಡಿಲವಾಗಿದೆ. ಅಂಥ ಎಂಜಿನ್ನಿನ ಐಡ್ಲಿಂಗ್ ಏರುತ್ತ ಇಳಿಯುತ್ತ ಉಯ್ಯಾಲೆಯಾಡುತ್ತದೆ, ಜನ ಸುಮ್ಮನೆ ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಗುರುತು ತಡವಾಗಿ ಇಳಿದರೆ ತೂಕಗಳು ಅಂಟುತ್ತಿವೆ. ಎಷ್ಟು ಒತ್ತಿದರೂ ಏರದಿದ್ದರೆ ಪೂರ್ತಿ ಜಾಮ್. ಬೋಲ್ಟ್ ತೆಗೆದು ವ್ಯಾಕ್ಯೂಮ್ ಪೈಪ್ ಮತ್ತೆ ಹಾಕಿ 2500ರಲ್ಲಿ ಹಿಡಿದಾಗ ಗುರುತು ಇನ್ನೂ ಹತ್ತರ ಆಸುಪಾಸು ಡಿಗ್ರಿ ಮೇಲೇರಬೇಕು. ಇದನ್ನು ಫುಲ್ ಅಡ್ವಾನ್ಸ್ ಲೆಕ್ಕಕ್ಕೆ ಸೇರಿಸಬೇಡಿ: ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಬಿದ್ದುಹೋಗಿ ಇದು ತಾನೇ ಹಿಂದೆ ಸರಿಯುತ್ತದೆ.

ವ್ಯಾಕ್ಯೂಮ್ ಗೇಜು

ಮ್ಯಾನಿಫೋಲ್ಡಿಗೆ ಗೇಜು ಹಾಕಿ, ಮುಳ್ಳು ಅತಿ ಮೇಲಕ್ಕೆ ಏರುವ ತನಕ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಅಲ್ಲಿಂದ ಒಂದಿಂಚು ಪಾದರಸದಷ್ಟು ಕೆಳಗೆ ತಂದು ಬಿಗಿ ಮಾಡುವುದು ಈ ವಿಧಾನ. ಪುಲ್ಲಿಯ ಗುರುತೇ ಬೇಡ ಎನ್ನುವುದು ಇದರ ಆಕರ್ಷಣೆ. ನಾವು ಇದನ್ನು ಶಿಫಾರಸು ಮಾಡುವುದಿಲ್ಲ. ಲೋಡಿಲ್ಲದ ಐಡ್ಲಿಂಗ್‌ನಲ್ಲಿ ಒಳಗಿರುವ ತೆಳು ಮಿಶ್ರಣ ನಿಧಾನ ಉರಿಯುತ್ತದೆ; ಅದಕ್ಕೆ 20, 25 ಡಿಗ್ರಿ ಕೊಟ್ಟರೂ ಖುಷಿಯೇ. ಗೇಜು ಆ ಖುಷಿಯನ್ನಷ್ಟೇ ತೋರಿಸುತ್ತದೆ. ಐಡ್ಲಿಂಗ್‌ನಲ್ಲಿ 20ಕ್ಕೆ ನಿಲ್ಲಿಸಿದ ಮೇಲೆ ಡಿಸ್ಟ್ರಿಬ್ಯೂಟರ್ ತನ್ನ 24ನ್ನು ಕೂಡಿಸಿ 44 ಮಾಡುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕ್ಯಾಮ್ ಶಾಫ್ಟ್ ಬದಲಾಗಿದ್ದರೆ, ಎಲ್ಲೋ ಗಾಳಿ ಸೋರುತ್ತಿದ್ದರೆ ಓದುವಿಕೆಯೇ ಬೇರೆ. ಎತ್ತರದ ಊರುಗಳಲ್ಲಿ 300 ಮೀಟರಿಗೆ ಸುಮಾರು ಒಂದಿಂಚು ತಾನಾಗಿಯೇ ಕಡಿಮೆಯಾಗುತ್ತದೆ.

ಹಾಗಂತ ಗೇಜನ್ನು ಬಿಸಾಡಬೇಡಿ. ಟೈಮಿಂಗ್ ಕೂರಿಸಿಯಾದ ಮೇಲೆ ಎಂಜಿನ್ನಿನ ನಾಡಿ ನೋಡಲು ಇದಕ್ಕಿಂತ ಸುಲಭದ ಸಾಧನವಿಲ್ಲ. ಮಾಮೂಲಿ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚಿನಲ್ಲಿ ಅಲುಗಾಡದೆ ನಿಲ್ಲಬೇಕು. ಅಲುಗಾಡದೆಯೇ 14, 15ರಲ್ಲಿ ನಿಂತರೆ ಟೈಮಿಂಗ್ ರಿಟಾರ್ಡ್ ಆಗಿರಬಹುದು. ತಾಳ ಹಾಕಿದಂತೆ ಮುಳ್ಳು ಬೀಳುತ್ತಿದ್ದರೆ ನೋಡಬೇಕಾದ್ದು ಒಂದು ವಾಲ್ವನ್ನು, ಡಿಸ್ಟ್ರಿಬ್ಯೂಟರನ್ನಲ್ಲ.

ಕಿವಿ ಮತ್ತು ಏರು

ಹಳೆಯ ಕೈಪಿಡಿಯ ಅಂಕಿಗಳು ಅಂದಿನ ಪೆಟ್ರೋಲಿಗೆ, ಅಂದಿನ ಕಂಪ್ರೆಷನ್‌ಗೆ ಬರೆದವು. ಹೆಡ್ ತೆಳು ಮಾಡಿಸಿದ್ದರೆ, ಒಳಗೆ ಕಾರ್ಬನ್ ಕಟ್ಟಿದ್ದರೆ, ಪೆಟ್ರೋಲ್ ಬೇರೆಯಾಗಿದ್ದರೆ ಕೊನೆಯ ತೀರ್ಪು ರಸ್ತೆಯದ್ದೇ. ಎಂಜಿನ್ ಬಿಸಿ ಇರುವಾಗ ಟಾಪ್ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದು ಏರಿಗೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಕಿಣಿಕಿಣಿ ಕೇಳಿದರೆ ಅದು ಪಿಂಗಿಂಗ್, ಅಂದರೆ ಒಳಗೆ ಮಿಶ್ರಣ ಹತೋಟಿ ತಪ್ಪಿ ಸಿಡಿಯುವ ಸದ್ದು. ಎರಡು ಡಿಗ್ರಿ ರಿಟಾರ್ಡ್ ಮಾಡಿ, ಅದೇ ಏರು, ಅದೇ ವೇಗ, ಮತ್ತೆ ನೋಡಿ. ಶಬ್ದ ನಿಂತ ಜಾಗದಲ್ಲಿ ನಿಲ್ಲಿಸಿ. ಕೈಪಿಡಿಗಿಂತ ಆರು ಡಿಗ್ರಿಗಿಂತ ಹೆಚ್ಚು ಹಿಂದೆ ಹೋಗಬೇಕಾಗಿ ಬಂದರೆ ತಪ್ಪು ಬೇರೆಲ್ಲೋ ಇದೆ: ತೆಳು ಮಿಶ್ರಣ, ಹೆಚ್ಚು ಬಿಸಿಯ ಪ್ಲಗ್, ಕಾರ್ಬನ್, ಇಲ್ಲವೇ ಜಾರಿದ ಪುಲ್ಲಿ. ಕೀ ಆಫ್ ಮಾಡಿದ ಮೇಲೂ ಎಂಜಿನ್ ಒದ್ದಾಡುತ್ತ ಓಡುವುದಕ್ಕೂ ಟೈಮಿಂಗ್ ನೇರ ಕಾರಣವಲ್ಲ. ಕೀ ಆಫ್ ಆದ ಮೇಲೆ ಸ್ಪಾರ್ಕೇ ಇಲ್ಲವಲ್ಲ.

ಕಿವಿಗೆ ಕೇಳಿಸದ ಅಪಾಯವೂ ಒಂದಿದೆ. 4000 ಆರ್‌ಪಿಎಂ ಮೇಲೆ ಗಾಳಿ, ಎಂಜಿನ್, ಎಕ್ಸಾಸ್ಟ್ ಸದ್ದಿನಲ್ಲಿ ಪಿಂಗಿಂಗ್ ಮುಳುಗಿಹೋಗುತ್ತದೆ. ಹಾಗಾಗಿ ಏರಿನ ಪರೀಕ್ಷೆ ಅಡ್ವಾನ್ಸನ್ನು ಕಡಿಮೆ ಮಾಡಲು ಮಾತ್ರ, ಹೆಚ್ಚು ಮಾಡಲು ಅಲ್ಲ. ಏರಿನಲ್ಲಿ ಶಬ್ದ ಬರಲಿಲ್ಲವೆಂದು ಇನ್ನೂ ನಾಲ್ಕು ಡಿಗ್ರಿ ಮುಂದೆ ಹಾಕುವುದು ಹುಲಿಯ ಬಾಲ ಹಿಡಿದಂತೆ. ವೇಗದಲ್ಲಿ ಓಡಿಸಿ ಬಂದು ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂಥ ಕರಿಚುಕ್ಕೆ, ಅಥವಾ ಹೊಳೆಯುವ ಅಲ್ಯುಮಿನಿಯಂ ಕಣಗಳಿದ್ದರೆ ಒಳಗೆ ಹೊಡೆತ ಬೀಳುತ್ತಿದೆ. ತಕ್ಷಣ ಹಿಂದಕ್ಕೆ ತನ್ನಿ.

ಸೆಲ್ಫ್ ಹೊಡೆದಾಗ ಎಂಜಿನ್ ಎದುರೇಟು ಕೊಟ್ಟಂತೆ ಗಕ್ಕನೆ ನಿಂತರೆ ಶುರುವಿನ ಅಡ್ವಾನ್ಸ್ ಜಾಸ್ತಿ. ಗಾಡಿ ಎಳೆಯದೆ, ಬಿಸಿ ಏರಿ, ರಾತ್ರಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಂಡರೆ ಕಡಿಮೆ. ರಿಟಾರ್ಡ್ ಆದಷ್ಟೂ ಕ್ಷೇಮ ಎಂದು ನಂಬಿದವರಿದ್ದಾರೆ. ಹಾಗೇನಿಲ್ಲ: ತಡವಾಗಿ ಹೊತ್ತಿದ ಬೆಂಕಿ ಸಿಲಿಂಡರಿನಲ್ಲಿ ಕೆಲಸ ಮುಗಿಸದೆ ಎಕ್ಸಾಸ್ಟ್ ವಾಲ್ವನ್ನು ಸುಡುತ್ತ ಹೊರಹೋಗುತ್ತದೆ.

ಹಾಗಾದರೆ ನಿಮಗೆ ಯಾವುದು?

ಎಂಜಿನ್ ಈಗಷ್ಟೇ ಕಟ್ಟಿದ್ದು, ಇನ್ನೂ ಸ್ಟಾರ್ಟ್ ಆಗಿಲ್ಲ ಎಂದಾದರೆ ಬಲ್ಬು. ಸ್ಟಾರ್ಟ್ ಆದ ಕೂಡಲೇ ಸ್ಟ್ರೋಬ್. ದಾರಿಯಲ್ಲಿ ಕೆಟ್ಟು ನಿಂತಿದ್ದರೂ ಬಲ್ಬೇ. ಇಂಡಿಕೇಟರಿನದ್ದನ್ನು ಬಿಚ್ಚಿದರೂ ಆಯಿತು. ದಿನವೂ ಓಡುವ ಕಾರಿಗೆ ಪಾಯಿಂಟ್ ಬದಲಿಸಿದಾಗ, ಡಿಸ್ಟ್ರಿಬ್ಯೂಟರ್ ಸುಸ್ಥಿತಿಯಲ್ಲಿದೆ ಎಂದು ಹಿಂದೊಮ್ಮೆ ಸ್ಟ್ರೋಬಿನಲ್ಲಿ ಖಚಿತವಾಗಿದ್ದರೆ, ಬಲ್ಬು ಸಾಕೇ ಸಾಕು. ಡಿಸ್ಟ್ರಿಬ್ಯೂಟರ್ ಯಾವ ಕಾರಿನದ್ದೋ, ಒಳಗಿನ ಸ್ಪ್ರಿಂಗ್ ಯಾರು ಹಾಕಿದ್ದೋ ತಿಳಿಯದ ಕಾರನ್ನು ಕೊಂಡವರು ಸ್ಟ್ರೋಬ್ ಇಲ್ಲದೆ ಹೆದ್ದಾರಿಗೆ ಇಳಿಯಲೇಬಾರದು. ಐಡ್ಲಿಂಗ್ ಅಂಕಿ ನೋಡದೆ ನೇರ ಫುಲ್ ಅಡ್ವಾನ್ಸಿಗೆ ಕೂರಿಸಿ. ಎಲೆಕ್ಟ್ರಾನಿಕ್ ಕಿಟ್ ಇದ್ದವರಿಗೆ ಆಯ್ಕೆಯೇ ಇಲ್ಲ, ಸ್ಟ್ರೋಬೇ. ಪುಲ್ಲಿಯಲ್ಲಿ ಗುರುತಿಲ್ಲ ಎಂಬ ಒಂದೇ ಕಾರಣಕ್ಕೆ ವ್ಯಾಕ್ಯೂಮ್ ಗೇಜು ಹಿಡಿದವರು ಅರ್ಧ ಗಂಟೆ ಖರ್ಚು ಮಾಡಿ ಪಿಸ್ಟನ್ ಸ್ಟಾಪಿನಿಂದ ಗುರುತು ಹಾಕಿಕೊಳ್ಳಲಿ. ಏರಿನ ಪರೀಕ್ಷೆ ಇವೆಲ್ಲದರ ಬದಲಿಗೆ ಅಲ್ಲ, ಇವುಗಳಾದ ಮೇಲೆ.

ಹೊಸ ಪಾಯಿಂಟ್ ಹಾಕಿದವರಿಗೆ ಒಂದು ಮಾತು. ಕ್ಯಾಮಿಗೆ ಉಜ್ಜುವ ಅದರ ಹಿಮ್ಮಡಿ ಮೊದಮೊದಲು ಬೇಗ ಸವೆಯುತ್ತದೆ. ಗ್ಯಾಪ್ ಕಿರಿದಾಗಿ ಟೈಮಿಂಗ್ ತಾನಾಗಿಯೇ ರಿಟಾರ್ಡ್ ಕಡೆ ಜಾರುತ್ತದೆ. ಕ್ಯಾಮಿಗೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಹಚ್ಚಿ, ಅದಕ್ಕಿಂತ ಹೆಚ್ಚಾದರೆ ಹಾರಿ ಪಾಯಿಂಟಿಗೆ ಅಂಟುತ್ತದೆ. 500 ಕಿ.ಮೀ. ಓಡಿದ ಮೇಲೆ ಗ್ಯಾಪ್ ಮತ್ತೆ ನೋಡಿ, ಆಮೇಲೆ ಟೈಮಿಂಗ್.